ಉತ್ತರ ಪತ್ರಿಕೆಯ ಏಳು ಬಾಣಗಳು

ನನ್ನ ಕುರ್ಚಿಗೆ ಬಂದಿರುವ ಹುಡುಗಿ ಮೊನ್ನೆ ಫೋನ್ ಮಾಡಿದ್ದಳು. ಹೊಸ ಕೆಲಸ, ಹೊಸ ಹುರುಪು. ಈ ಕೆಲಸದಲ್ಲಿ ಮುಖ್ಯವಾಗಿ ಏನು ನೆನಪಿಡಬೇಕು ಮೇಡಂ ಎಂದು ಕೇಳಿದಳು. ಬೀರುವಿನ ಬೀಗದ ಕೈಯನ್ನು ಮೊದಲು ಸ್ವಲ್ಪ ಎಡಕ್ಕೆ ತಿರುಗಿಸಿ ಆಮೇಲೆ ಬಲಕ್ಕೆ ತಿರುಗಿಸಬೇಕು, ಇಲ್ಲದಿದ್ದರೆ ಅದು ಜಪ್ಪಯ್ಯ ಅಂದರೂ ತೆರೆಯುವುದಿಲ್ಲ ಎಂದೆ. ಅವಳು ನಕ್ಕಳು. ನಾನೂ ನಕ್ಕೆ. ಫೋನ್ ಇಟ್ಟ ಮೇಲೆ ಯಾಕೋ ಮನಸ್ಸಿಗೆ ಸರಿಬರಲಿಲ್ಲ. ಹೇಳಬೇಕಾಗಿದ್ದ ಮಾತು ಬೇರೆ ಇತ್ತು, ಅದು ಆ ಬೀರುವಿನ ಒಳಗಿದೆ. ಫೋನಿನಲ್ಲಿ ಹೇಳಿ ಮುಗಿಸುವಂಥದ್ದಲ್ಲವಾದ್ದರಿಂದ ಅವಳಿಗೆಂದೇ ಬರೆಯಲು ಕೂತಿದ್ದೇನೆ.

ನಾಗಸಂದ್ರದ ಮೆಟ್ರೋ ಇಳಿದು, ತುಮಕೂರು ರಸ್ತೆ ಬಿಟ್ಟು ಒಳಕ್ಕೆ ಹತ್ತು ನಿಮಿಷ ನಡೆದರೆ ಒಂದು ಕಾಲೇಜು ಸಿಗುತ್ತದೆ. ಅದರ ನೆಲಮಹಡಿಯ ಎರಡು ಕೋಣೆಗಳೇ ನಮ್ಮ ದೂರಶಿಕ್ಷಣದ ಅಧ್ಯಯನ ಕೇಂದ್ರ. ವಾರದ ಆರು ದಿನ ಆ ಕಾಲೇಜು ಚಿಕ್ಕ ವಯಸ್ಸಿನವರದು. ಭಾನುವಾರ ಒಂದು ದಿನ ನಮ್ಮವರದು. ನಮ್ಮವರೆಂದರೆ ಪೀಣ್ಯದಲ್ಲಿ ಲೇತ್ ಮೆಷಿನ್ ನಡೆಸುವವರು, ಗಾರ್ಮೆಂಟ್ಸ್‌ಗೆ ಹೋಗುವ ಹೆಂಗಸರು, ಗೇಟಿನಲ್ಲಿ ಕೂರುವ ಸೆಕ್ಯೂರಿಟಿಯವರು, ಮೊಮ್ಮಕ್ಕಳನ್ನು ಸೊಸೆಯ ಕೈಗೆ ಕೊಟ್ಟು ಬಂದ ಅಜ್ಜಿಯರು. ಇಪ್ಪತ್ತು ವರ್ಷದ ಹಿಂದೆ ಬಿಟ್ಟ ಓದನ್ನು ಹಿಡಿಯಲು ಬಂದವರು. ನಾನು ಅಲ್ಲಿ ಗುಮಾಸ್ತೆಯಾಗಿ ಸೇರಿ ಅಧೀಕ್ಷಕಿಯಾಗಿ ನಿವೃತ್ತಳಾದೆ. ನಡುವಿನ ಬಡ್ತಿಗಳ ಕಥೆ ಯಾರಿಗೂ ಬೇಡ. ಹುದ್ದೆಯ ಹೆಸರು ಬದಲಾಯಿತೇ ಹೊರತು ಕೂತ ಕಿಟಕಿ ಬದಲಾಗಲಿಲ್ಲ.

ನಾನು ಸಿಡುಕಿ ಎಂಬುದನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ವಿದ್ಯಾರ್ಥಿಗಳು ನನಗೆ ಸೀಲ್ ಮೇಡಂ ಎಂದು ಹೆಸರಿಟ್ಟಿದ್ದರು. ಸೀಲ್ ಇಲ್ಲದ ಕಾಗದವನ್ನು ನಾನು ಮುಟ್ಟುತ್ತಿರಲಿಲ್ಲ. ನಮ್ಮ ಸಂಯೋಜಕರಾಗಿದ್ದ ಸದಾಶಿವಯ್ಯ ಸರ್ ಇದಕ್ಕೆ ತದ್ವಿರುದ್ಧ. ಕೊನೆಯ ದಿನಾಂಕ ಮುಗಿದು ಮೂರು ದಿನವಾದ ಮೇಲೆ ಯಾರಾದರೂ ಅರ್ಜಿ ಹಿಡಿದು ಬಂದರೆ, "ಪರವಾಗಿಲ್ಲ ಬಿಡಿ ಮೇಡಂ, ತಗೊಳ್ಳಿ" ಎನ್ನುವರು. ಅವರು ಪರವಾಗಿಲ್ಲ ಎಂದದ್ದನ್ನೆಲ್ಲ ವಿಶ್ವವಿದ್ಯಾಲಯದವರು ಪರವಾ ಇದೆ ಎಂದು ವಾಪಸು ಕಳಿಸುವರು, ಪತ್ರ ಬರೆದು ಬರೆದು ಕೈ ನೋಯಿಸಿಕೊಳ್ಳುವವಳು ನಾನು. ಹೀಗಾಗಿ ಅವರ ಕರುಣೆಯ ಮೇಲೆ ನನಗೆ ಅಷ್ಟೇನೂ ಗೌರವವಿರಲಿಲ್ಲ. ನಿಯಮ ಪಾಲಿಸಿದರೆ ಯಾರಿಗೂ ಅನ್ಯಾಯವಾಗುವುದಿಲ್ಲ ಎಂದೇ ನಂಬಿದ್ದೆ.

ಒಂದು ಜೂನ್ ತಿಂಗಳು. ಕಿಟಕಿಯ ಮುಂದೆ ಬಿಳಿ ಅಂಗಿ, ಬಿಳಿ ಪ್ಯಾಂಟಿನ ಒಬ್ಬರು ಬಂದು ನಿಂತರು. ಐವತ್ತು ದಾಟಿದ ವಯಸ್ಸು, ಕೈಯಲ್ಲಿ ಕಾರಿನ ಕೀ. ಬಿ.ಎ. ಅರ್ಜಿ ಬೇಕು ಎಂದರು. ನಾನು ತಲೆ ಎತ್ತದೆ, "ಮಗನಿಗಾ, ಮಗಳಿಗಾ?" ಎಂದು ಕೇಳಿದೆ. ಅವರು, "ಮಗಂಗೆ" ಎಂದು ಅರ್ಜಿ ತೆಗೆದುಕೊಂಡು ಹೋದರು. ಮರುವರ್ಷ ಅದೇ ತಿಂಗಳು ಅದೇ ಬಿಳಿ ಅಂಗಿ ಮತ್ತೆ ಬಂತು. ನಾನು ಮತ್ತೆ ಅದೇ ಪ್ರಶ್ನೆ ಕೇಳಿದೆ.

"ಓದ್ ವರ್ಸಾನೂ ಇದ್ನೇ ಕೇಳಿದ್ರಿ ಮೇಡಂ" ಎಂದರು. "ನಾಚ್ಕೆ ಆಗಿ ಮಗಂಗೆ ಅಂದ್ಬುಟ್ಟೆ. ಮಗ ಓದಿ ಕೆಲ್ಸುಕ್ಕೋಗ್ತಾವ್ನೆ. ಇದು ನಂಗೆ."

ಅವರ ಹೆಸರು ಮುನಿರಾಜಪ್ಪ. ಆ ಕಡೆಯ ಹಳೇ ಊರಿನವರು. ಪಿ.ಯು.ಸಿ. ಮುಗಿಸಿ, ಅಪ್ಪನ ಜೊತೆ ರಾಗಿ ಹೊಲಕ್ಕೆ ಇಳಿದವರು. ಆ ಹೊಲದಲ್ಲಿ ಈಗ ಸಾಲಾಗಿ ಬಾಡಿಗೆ ಮನೆಗಳಿವೆ. ಹೊಲ ಇದ್ದಾಗ ಬೆಳಗಾದರೆ ಏಳಲು ಒಂದು ಕಾರಣವಿತ್ತು, ಈಗ ಕೂತರೆ ಕೂತಂಗೇ ಇರುತ್ತೇನೆ, ಅದಕ್ಕೇ ಓದಲು ಬಂದೆ ಎಂದು ಹೇಳಿದರು. ನನ್ನ ಒಂದು ಪ್ರಶ್ನೆಯಿಂದ ಅವರ ಒಂದು ವರ್ಷ ಹಾಳಾಗಿತ್ತು. ಹೊಸಬಳಾಗಿದ್ದರೆ ಒಂದು ಮಾತು, ಅಷ್ಟು ಹೊತ್ತಿಗೆ ನಾನು ಆ ಕಿಟಕಿಯಲ್ಲಿ ಇಪ್ಪತ್ತೇಳು ವರ್ಷ ಕಳೆದಿದ್ದೆ. ಅಂದಿನಿಂದ, "ಯಾರ ಹೆಸರಲ್ಲಿ ಬರೆಯಲಿ?" ಎಂದು ಕೇಳುವುದನ್ನು ರೂಢಿ ಮಾಡಿಕೊಂಡೆ. ಪಾಠ ಕಲಿತೆ ಎಂದುಕೊಂಡೆ. ಕಲಿತದ್ದು ಆ ಒಂದು ವಾಕ್ಯವನ್ನು ಮಾತ್ರ ಎಂದು ತಿಳಿಯಲು ಇನ್ನೂ ಮೂರು ವರ್ಷ ಬೇಕಾಯಿತು.

ಅದೇ ವಾರ ಶಿವಲೀಲಾ ಬಂದಳು. ಕೊಪ್ಪಳದ ಕಡೆಯವಳು, ಮೂವತ್ನಾಲ್ಕು ವರ್ಷ. ಗಂಡನಿಗೆ ಕಟ್ಟಡಗಳಲ್ಲಿ ಸೆಂಟ್ರಿಂಗ್ ಕೆಲಸ, ಇವಳಿಗೆ ಪೀಣ್ಯದ ಒಂದು ಗಾರ್ಮೆಂಟ್ಸ್‌ನಲ್ಲಿ ಚೆಕಿಂಗ್ ಕೆಲಸ. ಹೊಲಿದು ಬಂದ ಅಂಗಿಗಳಲ್ಲಿ ತಪ್ಪು ಹುಡುಕುವುದು. ಅರ್ಜಿಯಲ್ಲಿ ಪದವಿ ಓದುವ ಉದ್ದೇಶ ಎಂಬ ಒಂದು ಸಾಲು ಇರುತ್ತಿತ್ತು. ಎಲ್ಲರೂ ಅಲ್ಲಿ ಜ್ಞಾನಾರ್ಜನೆ ಎಂದು ಬರೆದು ಕೊಡುವರು. ಇವಳು ದುಂಡಗಿನ ಅಕ್ಷರದಲ್ಲಿ, "ಕುಂತು ಮಾಡೋ ಕೆಲಸಕ್ಕ" ಎಂದು ಬರೆದಿದ್ದಳು.

ನನಗೆ ನಗು ಬಂತು. ಹಾಗೆಲ್ಲ ಬರೆಯಬಾರದಮ್ಮ, ಜ್ಞಾನಾರ್ಜನೆ ಅಂತ ಬರಿ ಎಂದೆ. ಅವಳು ವಾದಿಸಲಿಲ್ಲ, ಹೊಡೆದು ಹಾಕಿ ಬರೆದುಕೊಟ್ಟಳು. ಅವಳು ತಿರುಗಿ ಹೋಗುವಾಗ ಪಾದ ನೋಡಿದೆ. ಚಪ್ಪಲಿಯ ಪಟ್ಟಿ ಕೂರದಷ್ಟು ಊದಿಕೊಂಡಿತ್ತು. ಚೆಕಿಂಗ್ ಟೇಬಲಿನ ಮುಂದೆ ಕುರ್ಚಿ ಇರುವುದಿಲ್ಲ, ದಿನವೆಲ್ಲ ನಿಂತೇ ಇರಬೇಕು, ಅವಳು ಹನ್ನೊಂದು ವರ್ಷದಿಂದ ನಿಂತಿದ್ದಾಳೆ ಎಂಬುದು ಆಮೇಲೆ ತಿಳಿಯಿತು. ಅವರ ಫ್ಯಾಕ್ಟರಿಯಲ್ಲಿ ಹೊಸದಾಗಿ ಬರುವ ಹುಡುಗಿಯರಿಗೆ ಕೆಲಸ ಕಲಿಸುವ ವಿಭಾಗ ಶುರುವಾಗುವುದರಲ್ಲಿತ್ತು. ಅಲ್ಲಿಗೆ ಪದವಿ ಇದ್ದವರೇ ಬೇಕು. ಅಲ್ಲಿ ಮೇಜು ಇರುತ್ತದೆ, ಮೇಜಿನ ಹಿಂದೆ ಕುರ್ಚಿ ಇರುತ್ತದೆ. ಅವಳ ಮೂರು ವರ್ಷದ ಓದೆಲ್ಲ ಆ ಕುರ್ಚಿಗಾಗಿ.

ಮೊದಲ ಭಾನುವಾರದ ತರಗತಿಯಲ್ಲೇ ಒಂದು ತಮಾಷೆ ನಡೆಯಿತು. ಮುನಿರಾಜಪ್ಪ ಒಳಗೆ ಬಂದದ್ದೇ ತಡ, ಶಿವಲೀಲಾ ಬೆಂಚಿನಿಂದ ದಡಬಡ ಎದ್ದು ನಿಂತಳು. ಅವರ ಬಾಡಿಗೆ ಮನೆಗಳಲ್ಲಿ ಆರನೆಯದರಲ್ಲಿ ಇದ್ದವಳು ಇವಳೇ. ಅವರು ಕಸಿವಿಸಿಗೊಂಡು, ಇಲ್ಲಿ ನಾನು ಮಾಲೀಕ ಅಲ್ಲ, ಕೂತ್ಕೊಳಮ್ಮ ಎಂದರು. ಅವಳು ಕೂತಳು, ಆದರೆ ಮೂರು ವರ್ಷವೂ ಅವರನ್ನು ಮಾಲಕರು ಎಂದೇ ಕರೆದಳು. ಅವರೂ ಅವಳನ್ನು ನಮ್ಮ ಆರನೇ ಮನೆ ಹುಡುಗಿ ಎನ್ನುವುದನ್ನು ಬಿಡಲಿಲ್ಲ. ಅಸೈನ್‌ಮೆಂಟ್ ಬಂದರೆ ಇಬ್ಬರೂ ಅವರ ಮನೆಯ ಜಗುಲಿಯಲ್ಲಿ ಕೂತು ಬರೆಯುವರು. ಮುನಿರಾಜಪ್ಪನವರ ಹೆಂಡತಿ ಕಾಫಿ ಕೊಡುತ್ತಾ, ನಮ್ಮನೆಯವರಿಗೆ ನೀನೇ ಒಸಿ ಬುದ್ಧಿ ಕಲಿಸಮ್ಮ ಎನ್ನುತ್ತಿದ್ದರಂತೆ.

ಕೆಲಸದ ರೀತಿ ಬದಲಾದದ್ದೂ ಆ ವರ್ಷಗಳಲ್ಲೇ. ಅರ್ಜಿಯೆಲ್ಲ ಆನ್‌ಲೈನ್ ಆಯಿತು. ಕಿಟಕಿಯ ಮುಂದಿನ ಸಾಲು ಕರಗಿತು ಎಂದು ಸದಾಶಿವಯ್ಯ ಸರ್ ಖುಷಿಪಟ್ಟರು. ಸಾಲು ಕರಗಲಿಲ್ಲ, ಎದುರಿನ ಸೈಬರ್ ಅಂಗಡಿಗೆ ಹೋಯಿತು ಅಷ್ಟೆ. ಅಲ್ಲಿಂದ ಓಟಿಪಿ ಬರಲಿಲ್ಲ ಎಂದು ಮತ್ತೆ ನನ್ನ ಹತ್ತಿರವೇ ಬರುತ್ತಿದ್ದರು. ಮೊದಲಾದರೆ ಕಾಗದ ಕೊಡುವ ಕೈ ನೋಡುತ್ತಿದ್ದೆ. ಗ್ರೀಸಿನ ಕೈ, ಸುಣ್ಣದ ಕೈ, ಹಿಟ್ಟಿನ ಕೈ. ಆಮೇಲೆ ನೋಂದಣಿ ಸಂಖ್ಯೆ ನೋಡತೊಡಗಿದೆ. ಕೆಲಸ ಬೇಗ ಆಗುತ್ತದೆ ನಿಜ. ಆದರೆ ಹುಡುಗಿ, ಸಂಖ್ಯೆಗೆ ಕಾಲು ಊದಿಕೊಂಡಿರುವುದು ಪರದೆಯ ಮೇಲೆ ಕಾಣುವುದಿಲ್ಲ.

ಇನ್ನು ಆ ಪರೀಕ್ಷೆಯ ದಿನಕ್ಕೆ ಬರುತ್ತೇನೆ. ಅಂತಿಮ ವರ್ಷದ ಕೊನೆಯ ಪತ್ರಿಕೆ, ಸಮಾಜಶಾಸ್ತ್ರ. ಭಾನುವಾರ ಮಧ್ಯಾಹ್ನ. ಮೇಲ್ವಿಚಾರಣೆಗೆ ಬರಬೇಕಾಗಿದ್ದ ಉಪನ್ಯಾಸಕರೊಬ್ಬರು ಕೈಕೊಟ್ಟಿದ್ದರಿಂದ ನಾನೇ ಒಂದು ಕೊಠಡಿಗೆ ಹೋದೆ. ಮುನಿರಾಜಪ್ಪ ಮುಂದಿನ ಬೆಂಚು, ಶಿವಲೀಲಾ ಕಿಟಕಿಯ ಪಕ್ಕ. ಅವಳು ಬೇಗ ಬರೆದು ಮುಗಿಸಿದಳು. ಮುಗಿಸಿ ಎದ್ದು ಹೋಗಲಿಲ್ಲ, ಮೊದಲ ಪುಟದಿಂದ ಓದುತ್ತಾ ಕೂತಳು. ಎಷ್ಟು ಶಿಸ್ತಿನ ಹುಡುಗಿ ಎಂದುಕೊಂಡು ನಾನು ಹಾಜರಿ ಸಹಿ ಹಾಕಿಸಲು ಹಿಂದಿನ ಸಾಲಿಗೆ ಹೋದೆ. ಗಂಟೆ ಹೊಡೆಯಿತು. ಪತ್ರಿಕೆಗಳನ್ನು ಎಣಿಸಿ ಕಚೇರಿಗೆ ತಂದೆ.

ಕಟ್ಟು ಕಟ್ಟುವಾಗ ಒಂದು ಪತ್ರಿಕೆಯ ಅಂಚಿನಿಂದ ಕೆಂಪಗೆ ಏನೋ ಇಣುಕಿತು. ಬಿಡಿಸಿ ನೋಡಿದೆ. ಒಳಗೆ, ಬರೆದ ಸಾಲುಗಳ ಪಕ್ಕ, ಉಗುರಿನಷ್ಟು ದೊಡ್ಡ ಕೆಂಪು ಬಾಣದ ಸ್ಟಿಕ್ಕರ್‌ಗಳನ್ನು ಅಂಟಿಸಲಾಗಿತ್ತು. ಎಣಿಸಿದೆ, ಏಳು. ನೋಂದಣಿ ಸಂಖ್ಯೆ ಶಿವಲೀಲಾಳದು.

ಉತ್ತರ ಪತ್ರಿಕೆಯ ಒಳಗೆ ಬರೆದವರ ಗುರುತು ಹಿಡಿಯಬಹುದಾದ ಯಾವ ಚಿಹ್ನೆಯೂ ಇರಕೂಡದು. ಹೂವು ಬರೆಯುವಂತಿಲ್ಲ, ಓಂ ಬರೆಯುವಂತಿಲ್ಲ. ಮೌಲ್ಯಮಾಪಕರ ಜೊತೆ ಮೊದಲೇ ಮಾತಾಡಿಕೊಂಡು ಇಂಥ ಗುರುತು ಹಾಕಿ ಅಂಕ ಗಿಟ್ಟಿಸಿದವರಿದ್ದಾರೆ. ಸಿಕ್ಕಿಬಿದ್ದರೆ ಎರಡು ವರ್ಷ ಪರೀಕ್ಷೆಗೆ ಕೂರುವಂತಿಲ್ಲ. ಸದಾಶಿವಯ್ಯ ಸರ್ ಕನ್ನಡಕ ಸರಿಮಾಡಿಕೊಂಡು ನೋಡಿ, ಪಾಪ, ಆ ಹೆಣ್ಣುಮಗಳಿಗೆ ಏನು ಗೊತ್ತು, ಕಿತ್ತು ಕಳಿಸಿಬಿಡಿ ಮೇಡಂ ಎಂದರು. ನಾನು ಒಪ್ಪಲಿಲ್ಲ. ವಿದ್ಯಾರ್ಥಿ ಬರೆದುಕೊಟ್ಟ ಪತ್ರಿಕೆಯ ಮೇಲೆ ನಾವು ಕೈಯಾಡಿಸುವುದು ಇನ್ನೂ ದೊಡ್ಡ ತಪ್ಪು. ಈಗಲೂ ಹಾಗೇ ಹೇಳುತ್ತೇನೆ.

ಅಕ್ರಮದ ವರದಿಗೆಂದೇ ಒಂದು ನಮೂನೆ ಇದೆ. ತುಂಬಿದೆ. ಅದರ ಕೊನೆಯಲ್ಲಿ ವಿದ್ಯಾರ್ಥಿಯ ಹೇಳಿಕೆ ಎಂದು ಅರ್ಧ ಪುಟ ಖಾಲಿ ಬಿಟ್ಟಿರುತ್ತಾರೆ. ವಿದ್ಯಾರ್ಥಿಯನ್ನು ಕರೆದು, ಕೇಳಿ, ಅವರ ಕೈಯಲ್ಲೇ ಬರೆಸಬೇಕು. ನಾನು ಕಿಟಕಿಯಿಂದ ಹೊರಗೆ ನೋಡಿದೆ. ಅಂಗಳದ ಹೊಂಗೆ ಮರದ ಕೆಳಗೆ ಶಿವಲೀಲಾ ಕಾಲು ಚಾಚಿ ಕೂತಿದ್ದಳು. ಪಕ್ಕದಲ್ಲಿ ಗಂಡ, ಮಡಿಲಲ್ಲಿ ಮಗಳು. ಓದು ಮುಗಿಯಿತೆಂದು ಮೂವರೂ ಡಬ್ಬಿ ತೆರೆದು ಚುರುಮುರಿ ತಿನ್ನುತ್ತಿದ್ದರು. ಕಟ್ಟುಗಳನ್ನು ಒಯ್ಯುವ ವ್ಯಾನು ಗೇಟಿನಲ್ಲಿ ಹಾರ್ನ್ ಹೊಡೆಯುತ್ತಿತ್ತು. ಕರೆದರೆ ಅಳುತ್ತಾಳೆ, ಕಥೆ ಹೇಳುತ್ತಾಳೆ, ಅರ್ಧ ಗಂಟೆ ಹೋಗುತ್ತದೆ ಎಂದುಕೊಂಡೆ. ಸಿಕ್ಕಿಬಿದ್ದವರೆಲ್ಲ ಒಂದೊಂದು ಕಥೆ ಹೇಳುವವರೇ ಎಂದೂ ಅಂದುಕೊಂಡೆ. ಖಾಲಿ ಜಾಗದಲ್ಲಿ, "ವಿದ್ಯಾರ್ಥಿ ಸ್ಥಳದಲ್ಲಿ ಇರಲಿಲ್ಲ" ಎಂದು ಬರೆದು, ಸೀಲ್ ಒತ್ತಿ, ಸಹಿ ಹಾಕಿದೆ.

ಸದಾಶಿವಯ್ಯ ಸರ್ ಅದನ್ನು ಓದದೆಯೇ ಸಹಿ ಮಾಡಿದರು. ಅವರು ಯಾವುದನ್ನೂ ಓದಿ ಸಹಿ ಮಾಡಿದವರಲ್ಲ.

ಫಲಿತಾಂಶ ಬಂತು. ಮುನಿರಾಜಪ್ಪ ಪಾಸಾಗಿದ್ದರು. ಶಿವಲೀಲಾಳ ಹೆಸರಿನ ಮುಂದೆ, ತಡೆಹಿಡಿಯಲಾಗಿದೆ ಎಂದಿತ್ತು. ಮರುದಿನವೇ ಇಬ್ಬರೂ ಬಂದರು. ಮುನಿರಾಜಪ್ಪನವರ ಕೈಯಲ್ಲಿ ಸಿಹಿಯ ಡಬ್ಬಿ ಇತ್ತು, ಮುಚ್ಚಳ ತೆಗೆದಿರಲಿಲ್ಲ. ನಮ್ಮ ಆರನೇ ಮನೆ ಹುಡುಗಿಯದು ಏನೋ ಕಂಪ್ಯೂಟರ್ ಮಿಸ್ಟೇಕ್ ಆಗೈತೆ, ಸ್ವಲ್ಪ ನೋಡಿ ಮೇಡಂ ಎಂದರು. ಫ್ಯಾಕ್ಟರಿಯಲ್ಲಿ ಆ ತಿಂಗಳ ಕೊನೆಯೊಳಗೆ ಅಂಕಪಟ್ಟಿ ತೋರಿಸಿದರೆ ಕಲಿಸುವ ಕೆಲಸ ಅವಳಿಗೆ, ಇಲ್ಲದಿದ್ದರೆ ಇನ್ನೊಬ್ಬಳಿಗೆ ಎಂದಿದ್ದರಂತೆ. ಅದನ್ನೂ ಹೇಳಿದವರು ಮುನಿರಾಜಪ್ಪನವರೇ.

ಮಿಸ್ಟೇಕ್ ಅಲ್ಲ, ನಾನೇ ವರದಿ ಮಾಡಿದ್ದೇನೆ ಎಂದೆ. ಗಟ್ಟಿಯಾಗಿಯೇ ಹೇಳಿದೆ. ಆಮೇಲೆ, ಎರಡು ತಿಂಗಳು ತಡವಾಗಿ, ಅಂದೇ ಕೇಳಬೇಕಾಗಿದ್ದ ಪ್ರಶ್ನೆ ಕೇಳಿದೆ. ಆ ಬಾಣಗಳನ್ನು ಯಾಕೆ ಅಂಟಿಸಿದೆ?

ಅವಳಿಗೆ ಪ್ರಶ್ನೆಯೇ ಅರ್ಥವಾಗಲಿಲ್ಲ. "ತಪ್ಪು ಇದ್ದಲ್ಲೆ ಹಚ್ಚೀನ್ರಿ" ಎಂದಳು. "ಮುಗಿಸಿ ತಿರುಗಿ ನೋಡಿದಾಗ ಅಲ್ಲಲ್ಲಿ ತಪ್ಪು ಕಂಡ್ವು. ತಿದ್ದಾಕ ಖರೇದ್ದು ನೆನಪಾಗ್ಲಿಲ್ಲ. ಹಂಗ ಮುಚ್ಚಿ ಕಳಿಸಿದ್ರ ಮೋಸ ಆಗೂದಿಲ್ಲೇನ್ರಿ ಮೇಡಂ?"

ಅವಳ ಕುತ್ತಿಗೆಯಲ್ಲಿ ಫ್ಯಾಕ್ಟರಿಯ ಗುರುತಿನ ಚೀಟಿ ನೇತಾಡುತ್ತಿತ್ತು. ತಿರುಗಿಸಿ ತೋರಿಸಿದಳು. ಹಿಂಬದಿಯಲ್ಲಿ ಕೆಂಪು ಬಾಣಗಳ ಹಾಳೆ. ಚೆಕಿಂಗ್‌ನವರೆಲ್ಲ ಕೈಗೆ ಸುಲಭವಾಗಿ ಸಿಗಲೆಂದು ಹಾಗೇ ಅಂಟಿಸಿಕೊಳ್ಳುತ್ತಾರಂತೆ. ಅಂಗಿಯಲ್ಲಿ ಎಲ್ಲಿ ಹೊಲಿಗೆ ತಪ್ಪಿದೆಯೋ ಅಲ್ಲಿಗೆ ಬಾಣ ಹಚ್ಚಿ ಮುಂದಕ್ಕೆ ಕಳಿಸುವುದು ಅವಳ ಕೆಲಸ. ತಪ್ಪು ಕಂಡೂ ಬಾಣ ಹಚ್ಚದೆ ಬಿಟ್ಟರೆ ಅದೇ ಅಲ್ಲಿ ದೊಡ್ಡ ಅಪರಾಧ. ಪರೀಕ್ಷೆಗೆ ಫೋಟೋ ಇರುವ ಗುರುತಿನ ಚೀಟಿ ತನ್ನಿ ಎಂದು ನಾವೇ ಹೇಳಿದ್ದೆವು. ಅವಳು ಅದನ್ನೇ ತಂದು ಬೆಂಚಿನ ಮೇಲೆ ಇಟ್ಟುಕೊಂಡಿದ್ದಳು. ಹದಿನಾಲ್ಕು ವರ್ಷದ ಅಭ್ಯಾಸದ ಕೈ, ತಪ್ಪು ಕಂಡ ಕೂಡಲೇ ತಾನಾಗಿಯೇ ಚೀಟಿಯ ಹಿಂದಕ್ಕೆ ಹೋಗಿದೆ.

ಮುನಿರಾಜಪ್ಪನವರಿಗೆ ನಾನು ನಂಬಲಿಲ್ಲವೆಂದು ಅನಿಸಿತೋ ಏನೋ, ನನ್ನ ಅಂಗೀನೇ ನೋಡಿ ತೋರಿಸಮ್ಮ ಎಂದರು. ಅವಳು ಒಂದು ಸುತ್ತು ಅವರನ್ನು ನೋಡಿ ಮೂರು ಬಾಣ ಅಂಟಿಸಿದಳು. ಕಾಲರಿನ ಒಂದು ತುದಿ ಉದ್ದ, ಜೇಬಿನ ಹತ್ತಿರ ಹೊಲಿಗೆ ಹಾರಿದೆ, ತೋಳಿನ ಗುಂಡಿಯ ದಾರ ಬೇರೆ ಬಣ್ಣ. ಮದುವೆಗೆ ಅಂತ ಹೊಸದಾಗಿ ತಗೊಂಡಿದ್ದು ಎಂದು ಅವರು ಪೆಚ್ಚಾದರು. ಬೇರೆ ಹೊತ್ತಿನಲ್ಲಾದರೆ ನಾನು ಬಿದ್ದುಬಿದ್ದು ನಗುತ್ತಿದ್ದೆ. ಅಂದು ನನಗೆ ನನ್ನ ಮುಖ ಎಲ್ಲಿ ಇಟ್ಟುಕೊಳ್ಳಬೇಕೋ ತಿಳಿಯಲಿಲ್ಲ. ತಪ್ಪನ್ನು ಮುಚ್ಚಿಡದವಳನ್ನು ನಾನು ಮೋಸಗಾತಿ ಎಂದು ಬರೆದು ಕಳಿಸಿದ್ದೆ. ಅದೂ ಕೇಳದೆ.

ವಿಚಾರಣೆಯ ದಿನಾಂಕ ಬಂತು. ಕೊಠಡಿ ಮೇಲ್ವಿಚಾರಕಿಯಾಗಿ ನನ್ನನ್ನೂ ಕರೆದಿದ್ದರು. ನಾನು ಇನ್ನೊಂದು ಪತ್ರ ಬರೆಯತೊಡಗಿದೆ. ಸದಾಶಿವಯ್ಯ ಸರ್ ಮೊದಲ ಸಲ ಒಂದು ಕಾಗದವನ್ನು ಪೂರ್ತಿ ಓದಿದರು.

"ಮೇಡಂ, ಅವಳು ಮರದ ಕೆಳಗೇ ಇದ್ದಳು ಅಂತ ನೀವೇ ಬರ್ಕೊಡ್ತಿದ್ದೀರಿ" ಎಂದರು. "ನಿವೃತ್ತಿಗೆ ನಾಲ್ಕು ತಿಂಗಳಿದೆ. ಸುಳ್ಳು ವರದಿ ಅಂತ ಹಿಡ್ಕೊಂಡ್ರೆ ಏನ್ ಮಾಡ್ತೀರಿ? ಅಷ್ಟು ಸಾಲು ಬಿಟ್ಟು ಉಳಿದಿದ್ದೆಲ್ಲ ಬರೀರಿ. ಪರವಾಗಿಲ್ಲ."

ಅವರು ನನ್ನ ಒಳ್ಳೆಯದಕ್ಕೇ ಹೇಳಿದ್ದು. ನಾನು ಹೆದರಲಿಲ್ಲ ಎಂದರೆ ಸುಳ್ಳಾಗುತ್ತದೆ. ಆ ಸಾಲನ್ನು ಎರಡು ಸಲ ಹೊಡೆದು ಹಾಕಿದೆ. ಆದರೆ ಆ ಸಾಲಿಲ್ಲದೆ ಪತ್ರ ನಿಲ್ಲುತ್ತಿರಲಿಲ್ಲ. ಅಂದೇ ಯಾಕೆ ಈ ವಿವರಣೆ ಕೊಡಲಿಲ್ಲ, ಈಗ ಯಾರೋ ಹೇಳಿಕೊಟ್ಟಿದ್ದಾರೆ ಎಂದು ಸಮಿತಿಯವರು ಅವಳನ್ನು ಕೇಳುತ್ತಾರೆ. ಅವಳನ್ನು ಯಾರೂ ಕೇಳಲಿಲ್ಲ ಎಂಬುದೇ ಅದಕ್ಕಿದ್ದ ಉತ್ತರ. ಅದನ್ನು ಹೇಳಬೇಕಾದವಳು ನಾನು. ಮೂರನೆಯ ಸಲ ಬರೆದು, ಹೊಡೆಯದೆ, ಸೀಲ್ ಒತ್ತಿದೆ.

ಮುನಿರಾಜಪ್ಪನವರ ಕಾರಿನಲ್ಲೇ ಹೋದೆವು. ದಾರಿಯುದ್ದಕ್ಕೂ ಅವರೊಬ್ಬರೇ ಮಾತಾಡಿದರು. ಸಮಿತಿಯಲ್ಲಿ ಮೂವರಿದ್ದರು. ಅಧ್ಯಕ್ಷರು ನನ್ನ ಪತ್ರ ಓದಿ ಕೆಳಗಿಟ್ಟು, ಇಷ್ಟು ವರ್ಷ ಸರ್ವಿಸ್ ಆದವರು ಹೀಗೆ ಮಾಡಬಹುದೇ ಎಂದು ಕೇಳಿದರು. ಮಾಡಬಾರದಿತ್ತು ಸರ್ ಎಂದೆ. ಆಮೇಲೆ ಒಂದು ವಿನಂತಿ ಮಾಡಿಕೊಂಡೆ. ಮೋಸ ಮಾಡುವವರು ತಾವು ಚೆನ್ನಾಗಿ ಬರೆದ ಕಡೆ ಗುರುತು ಹಾಕುತ್ತಾರೆ. ಈ ಏಳು ಬಾಣಗಳು ಯಾವ ಕಡೆ ತೋರಿಸುತ್ತಿವೆ ಎಂದು ದಯವಿಟ್ಟು ಒಮ್ಮೆ ನೋಡಿ.

ಸಮಿತಿಯಲ್ಲಿ ಸಮಾಜಶಾಸ್ತ್ರದ ಪ್ರಾಧ್ಯಾಪಕಿಯೊಬ್ಬರಿದ್ದರು. ಪತ್ರಿಕೆ ತರಿಸಿಕೊಂಡು ಓದತೊಡಗಿದರು. ಶಿವಲೀಲಾ ಅಭ್ಯಾಸದಂತೆ ನಿಂತೇ ಇದ್ದಳು. ಮೊದಲ ಬಾಣ, ತಪ್ಪು. ಎರಡನೆಯದು, ತಪ್ಪು. ಅವರು ಒಂದೊಂದನ್ನೂ ಬೆರಳಿಟ್ಟು ಹೇಳುತ್ತಾ ಹೋದರು. ಆರೂ ತಪ್ಪೇ. ಏಳನೆಯದರ ಹತ್ತಿರ ಬೆರಳು ನಿಂತಿತು. ಅವರು ಆ ಸಾಲನ್ನು ಗಟ್ಟಿಯಾಗಿ ಓದಿದರು. ದುಡಿಯಲು ಊರು ಬಿಟ್ಟು ಬಂದವರಿಗೆ ಪಕ್ಕದ ಬಾಗಿಲಿನವರೇ ಬಂಧುಗಳಾಗುತ್ತಾರೆ, ಬಂಧುಗಳ ಕೆಲಸವನ್ನೆಲ್ಲ ಅವರೇ ಮಾಡುತ್ತಾರೆ ಎಂದಿತ್ತು.

ಇದು ಸರಿಯಾಗಿದೆಯಲ್ಲಮ್ಮ, ಇಡೀ ಪತ್ರಿಕೆಯಲ್ಲಿ ಇದೇ ಚೆನ್ನಾಗಿರುವ ಮಾತು, ಇದಕ್ಕೆ ಯಾಕೆ ಬಾಣ ಎಂದು ಕೇಳಿದರು.

"ಪುಸ್ತಕದಾಗ ಇದ್ದಿಲ್ರಿ" ಎಂದಳು ಶಿವಲೀಲಾ. "ನಾ ನೋಡಿದ್ದು ಬರದಿದ್ದೆ. ಅದಕ್ಕ ಅನುಮಾನ ಬಂತ್ರಿ. ಅನುಮಾನ ಬಂದ್ರೂ ಹಚ್ಚಬೇಕ್ರಿ. ಸರಿ ಇದ್ರ ಮುಂದಿನೋರು ನೋಡಿ, ಕಿತ್ತು, ಪಾಸ್ ಮಾಡ್ತಾರ್ರಿ."

ಆ ಪ್ರಾಧ್ಯಾಪಕಿ ಅಧ್ಯಕ್ಷರ ಮುಖ ನೋಡಿದರು. ಅಧ್ಯಕ್ಷರು ಶಿವಲೀಲಾಳಿಗೆ ಕುರ್ಚಿ ತೋರಿಸಿ ಕೂತ್ಕೊಳಮ್ಮ ಎಂದರು. ಅವಳು ಕೂತಳು. ನನಗೆ ಆಗ ಕಣ್ಣಲ್ಲಿ ನೀರು ಬಂತು, ಸಿಡುಕಿಯಾದರೇನು, ಬರುವಾಗ ಬರುತ್ತದೆ. ಹೊರಗೆ ಬಂದಾಗ ಮುನಿರಾಜಪ್ಪ ಮೆಟ್ಟಿಲ ಮೇಲೆ ಕಾಯುತ್ತಿದ್ದರು. ಕಾರಿನ ಕೀ ತಿರುಗಿಸುತ್ತಾ ನಿಂತಿದ್ದರು. ಅವಳ ಏಳನೆಯ ಬಾಣದ ಸಾಲಿನ ಅರ್ಥ ನನಗೆ ಅಲ್ಲೇ ಎದುರಿಗೆ ಕಂಡಿತು.

ವಾರದಲ್ಲಿ ಆದೇಶ ಬಂತು. ವಿದ್ಯಾರ್ಥಿನಿಗೆ ಎಚ್ಚರಿಕೆ ಕೊಟ್ಟು ಪತ್ರಿಕೆಯನ್ನು ಮೌಲ್ಯಮಾಪನ ಮಾಡುವುದು. ಕೇಂದ್ರದ ಅಧೀಕ್ಷಕಿಗೆ ಮೆಮೊ ಕೊಡುವುದು. ಮೂವತ್ತೊಂದು ವರ್ಷದಲ್ಲಿ ನನಗೆ ಸಿಕ್ಕಿದ ಒಂದೇ ಮೆಮೊ ಅದು. ತಿಂಗಳ ಕೊನೆಗೆ ಎರಡು ದಿನ ಇರುವಾಗ ಅಂಕಪಟ್ಟಿ ಬಂತು. ಶಿವಲೀಲಾ ಸೆಕೆಂಡ್ ಕ್ಲಾಸ್. ಮುನಿರಾಜಪ್ಪನವರಿಗಿಂತ ಹೆಚ್ಚು ಅಂಕ, ಅದನ್ನು ಅವರೇ ಊರೆಲ್ಲ ಹೇಳಿಕೊಂಡು ಬಂದರು.

ನನ್ನ ಕೊನೆಯ ದಿನ ಅವಳು ಅರ್ಧ ದಿನ ರಜೆ ಹಾಕಿ ಬಂದಿದ್ದಳು. ಹೊಸ ಕೆಲಸ ಹೇಗಿದೆ, ಕುರ್ಚಿ ಕೊಟ್ಟರಾ ಎಂದು ಕೇಳಿದೆ. "ಕೊಟ್ಟಾರ್ರಿ ಮೇಡಂ" ಎಂದು ನಕ್ಕಳು. "ಕಲಿಯಾಕ ಬಂದ ಹುಡುಗ್ಯಾರು ಕುಂದ್ರಾಕ ಬಿಡವಲ್ರು." ಆದರೂ ಪಾದದ ಊತ ಇಳಿದಿತ್ತು. ನಾನು ಮೊದಲು ನೋಡಿದ್ದು ಅದನ್ನೇ. ಹೋಗುವಾಗ ಅವಳ ಹತ್ತಿರ ಒಂದು ವಸ್ತು ಕೇಳಿ ಇಸಿದುಕೊಂಡೆ. ಅವಳು ಯಾಕೆ ಎಂದು ಕೇಳದೆ ಕೊಟ್ಟಳು.

ಹಾಗಾಗಿ ಹುಡುಗಿ, ಬೀರು ತೆರೆದಾಗ ಎರಡನೆಯ ಅರೆಯಲ್ಲಿ ಅಕ್ರಮ ವರದಿಗಳ ಕಡತ ಇದೆ. ಅದರಲ್ಲಿ ನನ್ನ ಮೆಮೊ ಇದೆ. ಅದರ ಕೆಳಗೆ ಶಿವಲೀಲಾಳ ಮೇಲೆ ನಾನು ಬರೆದ ವರದಿಯ ಕಚೇರಿ ಪ್ರತಿ ಇದೆ. ಕೊನೆಯ ಪುಟದಲ್ಲಿ, ವಿದ್ಯಾರ್ಥಿ ಸ್ಥಳದಲ್ಲಿ ಇರಲಿಲ್ಲ ಎಂಬ ಸಾಲಿನ ಪಕ್ಕ, ಒಂದು ಕೆಂಪು ಬಾಣ ಅಂಟಿಸಿದೆ. ಯಾರೋ ವಿದ್ಯಾರ್ಥಿ ಅಂಟಿಸಿದ್ದೆಂದು ತಿಳಿಯಬೇಡ, ನಾನೇ ಅಂಟಿಸಿದ್ದು. ನನ್ನ ನಂತರ ಬಂದವಳು ನೀನು, ನೋಡುವ ಹಕ್ಕು ನಿನ್ನದು. ಆದರೆ ಅದು ಅನುಮಾನಕ್ಕೆ ಹಚ್ಚಿದ್ದಲ್ಲ. ಕೀಳಬೇಡ.